ಪ್ರಶ್ನೋತ್ತರ: ಶ್ರೋಣಿ ಶಸ್ತ್ರಚಿಕಿತ್ಸೆ ಕಲಿಯುವವರಿಗೆ, ಕಲಿಸುವವರಿಗೆ

ಗರ್ಭಕೋಶ ಜಾರುವಿಕೆ, ಮೂತ್ರ ಸೋರಿಕೆ, ಹೆರಿಗೆಯಲ್ಲಾಗುವ ಹರಿತ (ಮೈ ಹರಿಯುವುದು), ಫಿಸ್ಟುಲಾ (ಮೂತ್ರ ಯೋನಿಗೆ ಸೋರುವ ಅಸಹಜ ರಂಧ್ರ), ಹೀಗೆ ಶ್ರೋಣಿಯ (ಕಿಬ್ಬೊಟ್ಟೆಯ) ತೊಂದರೆಗಳ ಚಿಕಿತ್ಸೆಯನ್ನು ಕಲಿಯುವ ಬಗ್ಗೆ ವೈದ್ಯ ವಿದ್ಯಾರ್ಥಿಗಳಿಂದ, ಅಧ್ಯಾಪಕರಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ತೆರನ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರ: ಪಾಪ್-ಕ್ಯು (ಜಾರುವಿಕೆ ಎಷ್ಟೆಂದು ಅಳೆದು ಬರೆಯುವ) ಕೋಷ್ಟಕ ಬಾಯಿಪಾಠ ಆಗಿದೆ. ಆದರೂ ಒಪಿಡಿಯಲ್ಲಿ ಅದೇ ರೋಗಿಯನ್ನು ನೋಡಿ ನಾನು ಎರಡನೇ ಹಂತ ಎಂದರೆ ಸೀನಿಯರ್ ಮೂರನೇ ಹಂತ ಎನ್ನುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?
— ಮೊದಲ ವರ್ಷದ ಪಿಜಿ, ಕಲಬುರಗಿ

ಉ: ಬಹುಮಟ್ಟಿಗೆ ತಪ್ಪು ಅಳೆಯುವುದರಲ್ಲಿ ಇರುವುದಿಲ್ಲ, ಮುಕ್ಕಿಸುವುದರಲ್ಲಿ (ತಿಣುಕಿಸುವುದರಲ್ಲಿ) ಇರುತ್ತದೆ. ಟೇಬಲ್ ಮೇಲೆ ಮಲಗಿದ ಹೆಂಗಸು ಮೂತ್ರ ಹೋದೀತು, ಗಾಳಿ ಹೋದೀತು ಎಂಬ ಸಂಕೋಚಕ್ಕೆ ಅರ್ಧ ಮುಕ್ಕಿ ನಿಲ್ಲಿಸುತ್ತಾರೆ. ಮೊದಲು ಮೂತ್ರ ಮಾಡಿ ಬರಲು ಹೇಳಿ. ಪೂರ್ತಿ ಮುಕ್ಕಿದ ಮೇಲೆ, 'ಮನೇಲಿ ಇಷ್ಟೇ ಬರುತ್ತಾ, ಇನ್ನೂ ಜಾಸ್ತಿ ಬರುತ್ತಾ?' ಎಂದು ಕೇಳಿ. ಬೇಕಿದ್ದರೆ ಕನ್ನಡಿ ಹಿಡಿದು ತೋರಿಸಿ. 'ಜಾಸ್ತಿ' ಎಂದರೆ ಒಂದು ಕಾಲನ್ನು ಸ್ಟೂಲ್ ಮೇಲಿಟ್ಟು ನಿಲ್ಲಿಸಿ ಮತ್ತೆ ನೋಡಿ. ಈ ಪ್ರಶ್ನೆ ಕೇಳದೆ ಬರೆದ ಹಂತವನ್ನು ನಂಬಿ ಶಸ್ತ್ರಚಿಕಿತ್ಸೆ ನಿರ್ಧರಿಸಬಾರದು.

ಅಳೆಯಲು ಮರದ ಸ್ಪ್ಯಾಚುಲಾ ಸಾಕು. ಅದರ ಮೇಲೆ ಪೆನ್ನಿನಿಂದ 1 ಸೆಂ.ಮೀ.ಗೊಂದು ಗೆರೆ ಎಳೆದುಕೊಳ್ಳಿ. ಹೈಮೆನ್ (ಯೋನಿದ್ವಾರದ ಪೊರೆ) ಸೊನ್ನೆ, ಅದರ ಒಳಗೆ ಇದ್ದರೆ ಋಣ, ಹೊರಗೆ ಬಂದರೆ ಧನ. ಮುಕ್ಕಿದಾಗ ಮೊದಲು ಜಿಎಚ್ (ಮೂತ್ರದ್ವಾರದಿಂದ ಯೋನಿದ್ವಾರದ ಹಿಂದಂಚಿನವರೆಗೆ), ಪಿಬಿ (ಅಲ್ಲಿಂದ ಗುದದವರೆಗೆ) ಅಳೆಯಿರಿ. ಆಮೇಲೆ ಯೋನಿಯ ಹಿಂದಿನ ಗೋಡೆಯನ್ನು ಸಿಮ್ಸ್ ಸ್ಪೆಕ್ಯುಲಮ್‌ನಿಂದ (ಗೋಡೆ ಸರಿಸುವ ಉಪಕರಣದಿಂದ) ಹಿಡಿದು ಎಎ, ಬಿಎ (ಮುಂದಿನ ಗೋಡೆಯ ಎರಡು ಬಿಂದುಗಳು). ಮುಂದಿನ ಗೋಡೆಯನ್ನು ಹಿಡಿದು ಎಪಿ, ಬಿಪಿ (ಹಿಂದಿನ ಗೋಡೆಯವು). ನಂತರ ಸಿ (ಗರ್ಭಕಂಠ) ಮತ್ತು ಡಿ (ಗರ್ಭಕಂಠದ ಹಿಂದಿನ ಮೂಲೆ). ಸ್ಪೆಕ್ಯುಲಮ್ ಒಳಕ್ಕೆ ಒತ್ತಿ ಹಿಡಿದರೆ ಜಾರಿದ ಭಾಗದ ತುದಿ ಕೆಳಗಿಳಿಯುವುದೇ ಇಲ್ಲ; ಗೋಡೆಯನ್ನು ಸರಿಸಿ ಹಿಡಿಯಬೇಕೇ ಹೊರತು ಜಾರಿದ್ದನ್ನು ತಡೆಯಬಾರದು. ಟಿವಿಎಲ್ (ಯೋನಿಯ ಒಟ್ಟು ಉದ್ದ) ಕೊನೆಗೆ. ಜಾರಿದ ಭಾಗವನ್ನು ಪೂರ್ತಿ ಒಳಗೆ ಕೂರಿಸಿ, ಮುಕ್ಕಿಸದೆ ಅಳೆಯುವುದು ಇದೊಂದನ್ನೇ.

ಎಎ ಎಂದರೆ ಮೂತ್ರದ್ವಾರದಿಂದ 3 ಸೆಂ.ಮೀ. ಮೇಲೆ ಮುಂದಿನ ಗೋಡೆಯಲ್ಲಿರುವ ನಿಶ್ಚಿತ ಬಿಂದು. ಹಾಗಾಗಿ ಅದು −3ರಿಂದ +3ರೊಳಗೇ ಇರಬೇಕು. ಎಎ +4 ಎಂದು ಬರೆದ ಕೇಸ್ ಶೀಟ್ ಕಂಡರೆ ಅಳೆದವರಿಗೆ ಬಿಂದುವೇ ಗೊತ್ತಿಲ್ಲ ಎಂದರ್ಥ. ಗರ್ಭಕೋಶ ತೆಗೆದವರಲ್ಲಿ ಡಿ ಇರುವುದಿಲ್ಲ. ಅಲ್ಲಿ ಸಿ ಎಂದರೆ ವಾಲ್ಟ್ (ಗರ್ಭಕೋಶ ತೆಗೆದ ಮೇಲೆ ಉಳಿಯುವ ಯೋನಿಯ ಮೇಲ್ತುದಿ).

ಒಂದು ಲೆಕ್ಕ ಮಾಡಿ ನೋಡೋಣ. ಎಎ +1, ಬಿಎ +3, ಸಿ −2, ಡಿ −5, ಎಪಿ ಮತ್ತು ಬಿಪಿ −2, ಟಿವಿಎಲ್ 9. ಎಲ್ಲಕ್ಕಿಂತ ಕೆಳಗೆ ಬಂದಿರುವುದು ಬಿಎ. ಅದು +1ಕ್ಕಿಂತ ಹೆಚ್ಚು, ಟಿವಿಎಲ್‌ನಲ್ಲಿ 2 ಕಳೆದ +7ಕ್ಕಿಂತ ಕಡಿಮೆ. ಅಂದರೆ ಮೂರನೇ ಹಂತ. ತುದಿ −1ರಿಂದ +1ರೊಳಗಿದ್ದರೆ ಮಾತ್ರ ಎರಡನೇ ಹಂತ. ನಿಮ್ಮ ಮತ್ತು ಸೀನಿಯರ್ ನಡುವಿನ ಭಿನ್ನಾಭಿಪ್ರಾಯ ಬಹುಶಃ ಈ +1ರ ಗೆರೆಯ ಸುತ್ತಮುತ್ತ. ಅರ್ಧ ಮುಕ್ಕು ಅಲ್ಲಿ ಇಡೀ ಒಂದು ಹಂತವನ್ನೇ ಬದಲಿಸುತ್ತದೆ.

ಹಂತಕ್ಕಿಂತ ಅಂಕಿಗಳೇ ಹೆಚ್ಚು ಹೇಳುತ್ತವೆ. ಸಿ +2, ಡಿ −6 ಇದ್ದರೆ ಗರ್ಭಕೋಶ ತನ್ನ ಜಾಗದಲ್ಲೇ ಇದೆ, ಉದ್ದವಾಗಿರುವುದು ಗರ್ಭಕಂಠ. ಅಂಥವರಲ್ಲಿ ಮ್ಯಾಂಚೆಸ್ಟರ್ (ಗರ್ಭಕಂಠವನ್ನಷ್ಟೇ ತೆಗೆದು ಗರ್ಭಕೋಶ ಉಳಿಸುವ) ಶಸ್ತ್ರಚಿಕಿತ್ಸೆಯ ಯೋಚನೆ ಬರಬೇಕು. 'ಮೂರನೇ ಹಂತ, ವಜೈನಲ್ ಹಿಸ್ಟರೆಕ್ಟಮಿ' (ಯೋನಿಯ ಮೂಲಕ ಗರ್ಭಕೋಶ ತೆಗೆಯುವುದು) ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ರೂಢಿಯಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ.

ಪ್ರ: ಎಷ್ಟೋ ವಜೈನಲ್ ಹಿಸ್ಟರೆಕ್ಟಮಿಗಳಲ್ಲಿ ರಿಟ್ರ್ಯಾಕ್ಟರ್ (ಅಂಗಗಳನ್ನು ಸರಿಸಿ ಹಿಡಿಯುವ ಉಪಕರಣ) ಹಿಡಿದಿದ್ದೇನೆ. ಲಾಗ್‌ಬುಕ್ ತುಂಬಿದೆ, ಕೈ ಮಾತ್ರ ಖಾಲಿ. ಇನ್ನು ಕೆಲವೇ ತಿಂಗಳು ಉಳಿದಿವೆ. ಏನು ಕೇಳಬೇಕು, ಹೇಗೆ ಕೇಳಬೇಕು?
— ಮೂರನೇ ವರ್ಷದ ಪಿಜಿ, ಹುಬ್ಬಳ್ಳಿ

ಉ: 'ಸರ್, ಒಂದು ಕೇಸ್ ಕೊಡಿ' ಎಂದು ಕೇಳಬೇಡಿ. ಇಡೀ ಕೇಸ್ ಕೊಡಲು ಯಾರಿಗಾದರೂ ಅಳುಕು ಇದ್ದದ್ದೇ. 'ಮೇಡಂ, ಇವತ್ತು ವಾಲ್ಟ್ ಮುಚ್ಚುವುದು ಮತ್ತು ಸಿಸ್ಟೊಸ್ಕೋಪಿ ನಾನು ಮಾಡಲೇ?' (ಸಿಸ್ಟೊಸ್ಕೋಪಿ ಎಂದರೆ ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡುವುದು) ಎಂದು ಹಿಂದಿನ ದಿನವೇ, ವಾರ್ಡ್‌ನಲ್ಲೇ ಕೇಳಿ. ಹಂತ ಕೇಳಿದವರಿಗೆ ಹಂತ ಸಿಗುತ್ತದೆ.

ಕೊನೆಯ ಹಂತದಿಂದ ಹಿಂದಕ್ಕೆ ಕಲಿಯುವುದು ಈ ಶಸ್ತ್ರಚಿಕಿತ್ಸೆಗೆ ಚೆನ್ನಾಗಿ ಒಗ್ಗುತ್ತದೆ. ಕೊನೆಯಲ್ಲಿ ರಕ್ತಸ್ರಾವ ಹತೋಟಿಯಲ್ಲಿರುತ್ತದೆ, ಕಟ್ಟಿದ ಪೆಡಿಕಲ್‌ಗಳೆಲ್ಲ ಕಣ್ಣೆದುರಿಗಿರುತ್ತವೆ (ಪೆಡಿಕಲ್ ಎಂದರೆ ಕತ್ತರಿಸಿ ಕಟ್ಟಿದ, ರಕ್ತನಾಳವಿರುವ ಅಂಗಾಂಶದ ತುದಿ). ಸರಿಯಾಗಿ ಕಟ್ಟಿದ ಪೆಡಿಕಲ್ ಹೇಗಿರುತ್ತದೆಂದು ಅಲ್ಲಿ ನೋಡಿದವರು ಮುಂದೆ ಕಟ್ಟುವಾಗ ತಡಕಾಡುವುದಿಲ್ಲ. ವಾಲ್ಟ್, ಆಮೇಲೆ ಕಾರ್ನುವಲ್ (ಗರ್ಭಕೋಶದ ಮೇಲಿನ ಮೂಲೆಯ) ಪೆಡಿಕಲ್, ಆಮೇಲೆ ಗರ್ಭಕೋಶದ ರಕ್ತನಾಳ, ಯುಟಿರೋಸೇಕ್ರಲ್ (ಗರ್ಭಕೋಶಕ್ಕೆ ಹಿಂದಿನಿಂದ ಆಧಾರ ಕೊಡುವ ತಂತು), ಹಿಂದಿನ ಪೌಚ್ (ಗರ್ಭಕೋಶದ ಹಿಂದಿನ ಹೊಟ್ಟೆಪೊರೆಯ ಮಡಿಕೆ). ಮೂತ್ರಕೋಶ ಬಿಡಿಸುವುದು ಎಲ್ಲಕ್ಕಿಂತ ಕೊನೆಗೆ.

ಪ್ರತಿ ಹಂತದಲ್ಲೂ ಹೊಸಬರು ಎಡವುವ ಜಾಗ ಗೊತ್ತಿರುವಂಥದ್ದೇ. ಇನ್ಫಿಲ್ಟ್ರೇಶನ್‌ಗೆ (ರಕ್ತಸ್ರಾವ ತಗ್ಗಿಸಲು ಕೊಯ್ಯುವ ಜಾಗಕ್ಕೆ ಚುಚ್ಚುವುದಕ್ಕೆ) 1 ಮಿ.ಗ್ರಾಂ ಅಡ್ರಿನಲಿನ್ ಆಂಪ್ಯೂಲ್ ಅನ್ನು 200 ಮಿ.ಲೀ. ಸಲೈನ್‌ಗೆ ಹಾಕಿದರೆ 2 ಲಕ್ಷಕ್ಕೆ 1ರ ದ್ರಾವಣ. ಅರಿವಳಿಕೆ ವೈದ್ಯರಿಗೆ ಹೇಳಿಯೇ ಕೊಡಬೇಕು, ಸೂಜಿ ಹಿಂದಕ್ಕೆಳೆದು ರಕ್ತ ಬರುವುದಿಲ್ಲವೆಂದು ನೋಡಿಯೇ ಬಿಡಬೇಕು. ಮೊದಲು ಎಲ್ಲಿ ಕೊಯ್ಯಬೇಕು ಎಂಬುದಕ್ಕೆ ಗರ್ಭಕಂಠವನ್ನು ಒಳಕ್ಕೂ ಹೊರಕ್ಕೂ ಆಡಿಸಿ. ಮೂತ್ರಕೋಶದ ಮಡಿಕೆ ಕಾಣುತ್ತದೆ, ಅದರ ಸ್ವಲ್ಪ ಕೆಳಗೆ. ತೀರಾ ಕೆಳಗೆ, ಅಂದರೆ ಗರ್ಭಕಂಠದ ಬಾಯಿಯ ಹತ್ತಿರ ಕೊಯ್ದರೆ ಪದರವೇ ಸಿಗದೆ ಗರ್ಭಕಂಠದ ಮಾಂಸದೊಳಗೇ ಕತ್ತರಿ ಆಡುತ್ತದೆ. ಮೇಲೆ ಕೊಯ್ದರೆ ಮೂತ್ರಕೋಶ. ಹಿಂದಿನ ಪೌಚ್ ತೆರೆಯುವಾಗ ಹೆದರಿ ಚಿಕ್ಕ ಚಿಕ್ಕದಾಗಿ ಕತ್ತರಿಸಿದರೆ ಪೆರಿಟೋನಿಯಂ (ಹೊಟ್ಟೆಯೊಳಗಿನ ಪೊರೆ) ಮುಂದೆ ಮುಂದೆ ಸರಿಯುತ್ತಲೇ ಹೋಗುತ್ತದೆ. ಮಡಿಕೆಯನ್ನು ಹಲ್ಲಿರುವ ಫೋರ್ಸೆಪ್ಸ್‌ನಿಂದ ಎತ್ತಿ ಹಿಡಿದು, ಕತ್ತರಿಯ ತುದಿಯನ್ನು ಗರ್ಭಕೋಶದ ಕಡೆಗೇ ತಿರುಗಿಸಿ ಒಂದೇ ಸಲಕ್ಕೆ ತೆರೆಯಬೇಕು.

ಮುಂದಿನ ಪೌಚ್ ಸಿಗಲಿಲ್ಲವೆಂದು ಹಟ ಹಿಡಿಯಬೇಡಿ. ಮೂತ್ರಕೋಶವನ್ನು ಬಿಡಿಸಿ ರಿಟ್ರ್ಯಾಕ್ಟರ್‌ನಿಂದ ಮೇಲೆತ್ತಿಕೊಂಡು ಯುಟಿರೋಸೇಕ್ರಲ್ ಪೆಡಿಕಲ್ ತೆಗೆದುಕೊಂಡರೆ ಗರ್ಭಕೋಶ ಇನ್ನಷ್ಟು ಇಳಿಯುತ್ತದೆ, ಮಡಿಕೆ ತಾನಾಗಿ ಕಾಣುತ್ತದೆ. ಹಿಂದೆ ಸಿಸೇರಿಯನ್ ಆದವರಲ್ಲಿ ಬೆರಳಿಗೆ ಗಾಜ್ ಸುತ್ತಿ ಮೂತ್ರಕೋಶವನ್ನು ತಳ್ಳುವುದು ಅದನ್ನು ಹರಿಯುವ ಅತಿ ಸುಲಭದ ದಾರಿ. ಅಂಟಿಕೊಂಡದ್ದನ್ನು ಕತ್ತರಿಯಿಂದಲೇ ಬಿಡಿಸಬೇಕು.

ರಿಟ್ರ್ಯಾಕ್ಟರ್ ಹಿಡಿದು ಕೈ ಸೋತ ನಿಮಗೆ ಒಂದು ಮಾತು: ಯುರೇಟರ್ (ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ನಾಳ) ಉಳಿಯುವುದು ಆ ರಿಟ್ರ್ಯಾಕ್ಟರ್‌ನಿಂದಲೇ. ಯುರೇಟರ್ ಗರ್ಭಕಂಠದ ಪಕ್ಕದಲ್ಲಿ ಸುಮಾರು 2 ಸೆಂ.ಮೀ. ದೂರದಲ್ಲಿ, ಗರ್ಭಕೋಶದ ರಕ್ತನಾಳದ ಕೆಳಗೆ ಹಾದುಹೋಗುತ್ತದೆ. ಮೂತ್ರಕೋಶವನ್ನು ಮೇಲೆತ್ತಿ ಗರ್ಭಕಂಠವನ್ನು ಕೆಳಕ್ಕೆಳೆದರೆ ಅದು ಕ್ಲಾಂಪ್‌ನಿಂದ ದೂರ ಸರಿಯುತ್ತದೆ. ರಿಟ್ರ್ಯಾಕ್ಟರ್ ಸಡಿಲವಾದ ಕ್ಷಣದಲ್ಲೇ ಕ್ಲಾಂಪ್ ಬಿದ್ದರೆ ಕಷ್ಟ. ಕ್ಲಾಂಪ್ ಗರ್ಭಕಂಠಕ್ಕೆ ಒತ್ತಿಕೊಂಡಿರಲಿ, ಹಿಡಿತ ಚಿಕ್ಕದಿರಲಿ. ಕಾರ್ನುವಲ್ ಪೆಡಿಕಲ್‌ಗೆ ಎರಡು ಕಟ್ಟು ಹಾಕಿ. ಅದರ ದಾರ ಹಿಡಿದು ಜಗ್ಗಿದರೆ ಕಟ್ಟು ಜಾರಿ ಪೆಡಿಕಲ್ ಒಳಗೆ ಹೋಗಿಬಿಡುತ್ತದೆ. ಆಮೇಲೆ ಹೊಟ್ಟೆ ತೆರೆಯಬೇಕಾಗಬಹುದು.

ವಾಲ್ಟ್ ಮುಚ್ಚುವ ಮುನ್ನ ಯುಟಿರೋಸೇಕ್ರಲ್‌ಗಳನ್ನು ವಾಲ್ಟ್‌ಗೆ ಹೊಲಿಯದೆ ಬಿಡಬಾರದು. ಜಾರುವಿಕೆಗೆ ಕಾರಣ ಆಧಾರ ಸಡಿಲಾದದ್ದು. ಗರ್ಭಕೋಶ ತೆಗೆದ ಮಾತ್ರಕ್ಕೆ ಆಧಾರ ಬರುವುದಿಲ್ಲ. ಆಮೇಲೆ ಸಿಸ್ಟೊಸ್ಕೋಪಿ: 70 ಡಿಗ್ರಿ ಲೆನ್ಸ್, 300 ಮಿ.ಲೀ.ನಷ್ಟು ಸಲೈನ್, ಎರಡೂ ಕಡೆ ಮೂತ್ರ ಚಿಮ್ಮುವುದನ್ನು ಕಾಣುವವರೆಗೆ. 10% ಫ್ಲೋರೆಸಿನ್ 0.25ರಿಂದ 0.5 ಮಿ.ಲೀ. ಐವಿ ಕೊಟ್ಟರೆ ಹಳದಿ ಬಣ್ಣ ಸ್ಪಷ್ಟ. ಒಂದು ಕಡೆ ಚಿಮ್ಮದಿದ್ದರೆ ಆ ಬದಿಯಲ್ಲಿ ಎಲ್ಲಕ್ಕಿಂತ ಹೊರಗಿರುವ ಆಧಾರದ ಹೊಲಿಗೆಯನ್ನು ಮೊದಲು ಬಿಚ್ಚಿ ಮತ್ತೆ ನೋಡಬೇಕು. ಟೇಬಲ್ ಮೇಲೆ ಬಿಚ್ಚುವ ಹೊಲಿಗೆ ಐದು ನಿಮಿಷದ ಕೆಲಸ. ಮನೆಗೆ ಹೋದ ಮೇಲೆ ಗೊತ್ತಾದರೆ ಮೂತ್ರಪಿಂಡದ ಪ್ರಶ್ನೆ.

ಅಮೆರಿಕದಲ್ಲಿ ರೆಸಿಡೆನ್ಸಿ ಮುಗಿಸಲು ಕನಿಷ್ಠ 15 ವಜೈನಲ್ ಹಿಸ್ಟರೆಕ್ಟಮಿ ಎಂಬ ನಿಯಮವಿದೆ. ಅದು ಕೆಳಗಿನ ಮಿತಿ, ಕಲಿತದ್ದಕ್ಕೆ ಪುರಾವೆಯಲ್ಲ. ಲಾಗ್‌ಬುಕ್‌ನಲ್ಲಿ 'ಅಸಿಸ್ಟೆಡ್' ಎಂದು ಬರೆಯುವ ಬದಲು ಪ್ರತಿ ಹಂತದ ಮುಂದೆ ನಾಲ್ಕರಲ್ಲೊಂದು ಬರೆಯಿರಿ: ನೋಡಿದೆ, ಕೈಹಿಡಿದು ಮಾಡಿಸಿದರು, ಕೇಳಿದಾಗ ಮಾತ್ರ ಹೇಳಿದರು, ಸುಮ್ಮನೆ ನಿಂತು ನೋಡಿದರು. ಅದೇ ದಿನ ಸಹಿ ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ ಒಟ್ಟಿಗೆ ಹಾಕಿಸಿದ ಸಹಿಗೆ ಅರ್ಥವಿಲ್ಲ.

ಪ್ರ: ಮಲದ್ವಾರದ ಸ್ಫಿಂಕ್ಟರ್ (ಅದನ್ನು ಬಿಗಿಹಿಡಿಯುವ ಸ್ನಾಯು) ಹರಿದಾಗ ಹೊಲಿಯುವುದನ್ನು ಅಭ್ಯಾಸ ಮಾಡಿಸಲು ಮಾಡೆಲ್ ಬೇಕು. ವಿದೇಶಿ ಮಾಡೆಲ್ ಕೊಳ್ಳುವಷ್ಟು ಹಣ ವಿಭಾಗದಲ್ಲಿಲ್ಲ. ನಾವೇ ಮಾಡಿಕೊಳ್ಳಬಹುದೇ?
— ಸಹ ಪ್ರಾಧ್ಯಾಪಕಿ, ದಾವಣಗೆರೆ

ಉ: ಧಾರಾಳವಾಗಿ. ಬ್ರಿಟನ್ನಿನ ತರಬೇತಿಗಳಲ್ಲಿ ಹಂದಿಯ ಸ್ಫಿಂಕ್ಟರ್, ಅಮೆರಿಕದಲ್ಲಿ ದನದ ನಾಲಿಗೆ ಬಳಸುತ್ತಾರೆ. ಇಲ್ಲಿ ಮಟನ್ ಅಂಗಡಿಯ ಬೋಟಿ, ಕೋಳಿಯ ತೊಡೆ, ದಪ್ಪ ಸ್ಪಂಜು ಸಾಕು. ಉದ್ದಕ್ಕೆ ಸೀಳಿದ ಬೋಟಿಯ ತುಂಡು ಗುದದ ಒಳಪದರ. ಅದರ ಹೊರಗೆ ಗಾಜ್ ಬಟ್ಟೆಯ ಬಿಳಿ ಪಟ್ಟಿ ಒಳ ಸ್ಫಿಂಕ್ಟರ್. ಕೋಳಿ ತೊಡೆಯ ಮಾಂಸವನ್ನು 1.5 ಸೆಂ.ಮೀ. ಅಗಲದ ಪಟ್ಟಿಯಾಗಿ ಕೊಯ್ದು, ಕ್ಲಿಂಗ್ ಫಿಲ್ಮ್ ಸುತ್ತಿದರೆ ಹೊರ ಸ್ಫಿಂಕ್ಟರ್ ಮತ್ತದರ ಪೊರೆ. ಇವನ್ನೆಲ್ಲ ಸ್ಪಂಜಿನಲ್ಲಿ ಕೊರೆದ ಕುಳಿಯೊಳಗೆ ಗುಂಡುಪಿನ್ನಿನಿಂದ ಕೂರಿಸಿ. ಹೊರ ಸ್ಫಿಂಕ್ಟರ್‌ನ ಎರಡು ತುದಿಗಳು ಸ್ಪಂಜಿನೊಳಗೆ ಹುದುಗಿರಲಿ. ನಿಜವಾದ ಹರಿತದಲ್ಲಿ ಅವು ಹಿಂದಕ್ಕೆ ಸರಿದು ಅಡಗುತ್ತವೆ. ಅಲಿಸ್ ಇಕ್ಕಳ ಹಾಕಿ ಎಳೆದು ತರುವುದೇ ಅರ್ಧ ಪಾಠ. ಆಯಾ ದಿನವೇ ತಂದು, ಆಯಾ ದಿನವೇ ಹಳದಿ ಚೀಲಕ್ಕೆ ಹಾಕಿಬಿಡಿ. ಫಾರ್ಮಲಿನ್ ಬೇಡ, ಮಾಂಸ ಗಡುಸಾಗಿ ಹೊಲಿಗೆಯ ಹದವೇ ಹೋಗುತ್ತದೆ. ಅವಧಿ ಮೀರಿದ ದಾರ ಅಭ್ಯಾಸಕ್ಕೆ ಸಾಕು. 'ಅಭ್ಯಾಸಕ್ಕೆ ಮಾತ್ರ' ಎಂದು ಬರೆದು ಲೇಬರ್ ರೂಮಿನಿಂದ ದೂರ ಇಡಿ.

ಹೊಲಿಗೆ ಒಳಗಿನಿಂದ ಹೊರಗೆ. ಒಳಪದರಕ್ಕೆ 3-0 ಪಾಲಿಗ್ಲಾಕ್ಟಿನ್ ದಾರ. ಒಳ ಸ್ಫಿಂಕ್ಟರ್ ಅನ್ನು ಪ್ರತ್ಯೇಕವಾಗಿ, ಒಂದರ ಮೇಲೊಂದು ಹೇರದೆ, 3-0 ಪಿಡಿಎಸ್ (ನಿಧಾನಕ್ಕೆ ಕರಗುವ ದಾರ) ಅಥವಾ 2-0 ಪಾಲಿಗ್ಲಾಕ್ಟಿನ್‌ನಿಂದ ಬಿಡಿ ಹೊಲಿಗೆ. ಹೊರ ಸ್ಫಿಂಕ್ಟರ್‌ಗೂ ಅವೇ ದಾರಗಳು. ಅದು ಪೂರ್ತಿ ಹರಿದಿದ್ದರೆ ತುದಿಗೆ ತುದಿ ಸೇರಿಸಬಹುದು, ಮೇಲೆ ಹೇರಿಯೂ ಹೊಲಿಯಬಹುದು. ಭಾಗಶಃ ಹರಿದಿದ್ದರೆ ತುದಿಗೆ ತುದಿ ಮಾತ್ರ. ಗಂಟುಗಳನ್ನು ಪೆರಿನಿಯಲ್ (ಯೋನಿ, ಗುದದ ನಡುವಿನ) ಸ್ನಾಯುವಿನ ಕೆಳಗೆ ಹುದುಗಿಸಬೇಕು, ಇಲ್ಲದಿದ್ದರೆ ಪಿಡಿಎಸ್ ತುದಿ ತಿಂಗಳುಗಟ್ಟಲೆ ಚುಚ್ಚುತ್ತದೆ. ಎರಡು ಸ್ಫಿಂಕ್ಟರ್‌ಗಳ ವ್ಯತ್ಯಾಸವನ್ನು ಬಣ್ಣದಿಂದ ಕಲಿಸಿ: ಹೊರಗಿನದು ಕುರಿಮಾಂಸದಂತೆ ಕೆಂಪು, ಒಳಗಿನದು ಹಸಿ ಮೀನಿನಂತೆ ಬಿಳಿಚು.

ಹೊಲಿದು ಮುಗಿಸಿದ ಮಾಡೆಲನ್ನು ಅಲ್ಲೇ ಕೊಯ್ದು ತೆರೆಯಿರಿ. ಪೊರೆ ಮಾತ್ರ ಹಿಡಿದಿದೆಯೇ, ಮಾಂಸವೂ ಬಂದಿದೆಯೇ, ದಾರ ಬೋಟಿಯ ಒಳಗೆ ಇಣುಕಿದೆಯೇ ಎಂದು ಕಲಿಯುವವರೇ ನೋಡಲಿ. ರೋಗಿಯ ಮೇಲೆ ಮಾಡಲಾಗದ ಪರೀಕ್ಷೆ ಇದು, ಮಾಡೆಲ್‌ನ ದೊಡ್ಡ ಲಾಭವೂ ಇದೇ.

ಇಷ್ಟೆಲ್ಲ ಕಲಿಸಿ, ಹರಿತವನ್ನು ಗುರುತಿಸುವುದನ್ನು ಬಿಟ್ಟರೆ ವ್ಯರ್ಥ. ಹೊಲಿಗೆಗೆ ಮೊದಲು ಪ್ರತಿಯೊಬ್ಬ ಬಾಣಂತಿಗೂ ಹೇಳಿ, ಒಪ್ಪಿಗೆ ಪಡೆದು, ತೋರುಬೆರಳು ಗುದದೊಳಗೆ, ಹೆಬ್ಬೆರಳು ಹೊರಗೆ ಇಟ್ಟು ನಡುವಿನ ಸ್ನಾಯುವನ್ನು ಹೊರಳಿಸಿ ನೋಡಬೇಕು. ಎಷ್ಟೋ ಮೂರನೇ ದರ್ಜೆಯ ಹರಿತಗಳು ಎರಡನೇ ದರ್ಜೆಯೆಂದೇ ದಾಖಲಾಗುವುದು ಈ ಬೆರಳು ಹಾಕದ್ದರಿಂದ. ಹೊಲಿಗೆ ಮುಗಿದ ಮೇಲೂ ಮತ್ತೊಮ್ಮೆ ಬೆರಳು ಹಾಕಿ, ಗುದದೊಳಗೆ ದಾರ ಸಿಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಪ್ರ: ಅರಿವಳಿಕೆ ಕೊಟ್ಟ ರೋಗಿಯ ಒಳಪರೀಕ್ಷೆಗೆ ನಮ್ಮನ್ನು ಸಾಲಾಗಿ ನಿಲ್ಲಿಸುತ್ತಾರೆ. ರೋಗಿಗೆ ಹೇಳಿರುತ್ತಾರೋ ಇಲ್ಲವೋ ಗೊತ್ತಿಲ್ಲ. 'ಟೀಚಿಂಗ್ ಆಸ್ಪತ್ರೆ ಅಂದಮೇಲೆ ಇದೆಲ್ಲ ಇದ್ದದ್ದೇ' ಎನ್ನುತ್ತಾರೆ. ಸರಿಯೇ?
— ಅಂತಿಮ ವರ್ಷದ ಎಂಬಿಬಿಎಸ್, ಉಡುಪಿ

ಉ: ಸರಿಯಲ್ಲ. ಆಸ್ಪತ್ರೆಗೆ ಸೇರಿದ್ದೇ ಒಪ್ಪಿಗೆ ಎಂಬ ವಾದಕ್ಕೆ ನೆಲೆಯಿಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರೋಗನಿರ್ಣಯದ ಲ್ಯಾಪರೋಸ್ಕೋಪಿಗೆ ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯಲು ಒಪ್ಪಿಗೆಯಾಗದು, ಜೀವಾಪಾಯವಿಲ್ಲದಿದ್ದಾಗ ರೋಗಿ ಎಚ್ಚರಗೊಳ್ಳುವವರೆಗೆ ಕಾಯಬೇಕು ಎಂದಿತು. ಚಿಕಿತ್ಸೆಯ ವಿಷಯದಲ್ಲೇ ಹೀಗಿರುವಾಗ, ರೋಗಿಗೆ ಯಾವ ಲಾಭವೂ ಇಲ್ಲದ ಕಲಿಕೆಯ ಪರೀಕ್ಷೆಗೆ ಬೇರೆಯೇ ಒಪ್ಪಿಗೆ ಬೇಕೆನ್ನಲು ತಜ್ಞರೇನೂ ಬೇಕಿಲ್ಲ. ಅಮೆರಿಕದ ಕೇಂದ್ರ ಆರೋಗ್ಯ ಇಲಾಖೆ 2024ರ ಏಪ್ರಿಲ್‌ನಲ್ಲಿ ಇಂಥ ಪರೀಕ್ಷೆಗಳಿಗೆ ಲಿಖಿತ ಒಪ್ಪಿಗೆ ಬೇಕೆಂದು ಆಸ್ಪತ್ರೆಗಳಿಗೆ ಸ್ಪಷ್ಟಪಡಿಸಿತು.

ನಮ್ಮ ಶಾಖೆಗೆ ಈ ವಿಷಯದಲ್ಲಿ ಹಳೆಯ ಋಣವಿದೆ. ಪ್ರತಿ ಟ್ರೇಯಲ್ಲೂ ಇರುವ ಸ್ಪೆಕ್ಯುಲಮ್‌ಗೆ ಹೆಸರು ಕೊಟ್ಟ ಮೇರಿಯನ್ ಸಿಮ್ಸ್, 1840ರ ದಶಕದಲ್ಲಿ ಅಲಬಾಮಾದ ಮಾಂಟ್ಗೊಮೆರಿಯಲ್ಲಿ ಫಿಸ್ಟುಲಾ ಶಸ್ತ್ರಚಿಕಿತ್ಸೆ ಕಲಿತದ್ದು ಗುಲಾಮಗಿರಿಯಲ್ಲಿದ್ದ ಅನಾರ್ಕಾ, ಬೆಟ್ಸಿ, ಲೂಸಿ ಮೊದಲಾದ ಹೆಂಗಸರ ಮೈಮೇಲೆ, ಅರಿವಳಿಕೆ ಇಲ್ಲದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಿಂದ ಅವರ ಪ್ರತಿಮೆಯನ್ನು 2018ರಲ್ಲಿ ತೆಗೆದರು.

ನೀವು ಮಾಡಬಹುದಾದದ್ದು: ಹಿಂದಿನ ದಿನ ವಾರ್ಡ್‌ಗೆ ಹೋಗಿ ನೀವೇ ಕೇಳಿ. 'ಅಮ್ಮಾ, ನಾನು ಕಲಿಯುತ್ತಿರುವ ವಿದ್ಯಾರ್ಥಿ. ನಾಳೆ ನಿಮಗೆ ಅರಿವಳಿಕೆ ಕೊಟ್ಟ ಮೇಲೆ ಡಾಕ್ಟರ್ ಜೊತೆ ನಾನೂ ಒಳಗೆ ಬೆರಳಿಟ್ಟು ಪರೀಕ್ಷೆ ಮಾಡಬಹುದಾ? ಬೇಡ ಅಂದರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ.' ಅಕ್ಕಪಕ್ಕದ ಹಾಸಿಗೆಯವರಿಗೆ ಕೇಳಿಸದಂತೆ ಕೇಳಿ. ಒಪ್ಪಿದರೆ ಕೇಸ್ ಶೀಟ್‌ನಲ್ಲಿ ವಿದ್ಯಾರ್ಥಿಯ ಹೆಸರು ಸಹಿತ ಬರೆದು ಅವರ ಸಹಿ ಪಡೆಯಿರಿ. ಒಬ್ಬರು, ಹೆಚ್ಚೆಂದರೆ ಇಬ್ಬರು, ಸಾಲು ಬೇಡ. ಕೇಳಿದರೆ ಬಹಳ ಹೆಂಗಸರು ಒಪ್ಪುತ್ತಾರೆ. ಒಪ್ಪದವರ ಸರದಿಯಲ್ಲಿ ಗ್ಲೌಸ್ ಹಾಕಬೇಡಿ.

ಪ್ರ: ಮೂತ್ರ ಸೋರಿಕೆಗೆ ಹಾಕುವ ಟೇಪ್ ಬಗ್ಗೆ ವಿದೇಶಗಳಲ್ಲಿ ಗದ್ದಲವಾಗಿದೆ. ಈಗ ಟಿವಿಟಿ (ಆ ಟೇಪ್ ಹಾಕುವ ಶಸ್ತ್ರಚಿಕಿತ್ಸೆ) ಕಲಿಯುವುದರಲ್ಲಿ ಅರ್ಥವಿದೆಯೇ?
— ಫೆಲೋಶಿಪ್ ಓದುತ್ತಿರುವ ಕನ್ನಡಿಗ, ಪುಣೆ

ಉ: ಎರಡು ಬೇರೆ ವಿಷಯಗಳು ಬೆರೆತಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಮಾರಾಟ ನಿಲ್ಲಿಸಿದ್ದು ಜಾರುವಿಕೆಗೆಂದು ಯೋನಿಯ ಮೂಲಕ ಹಾಕುವ ಮೆಶ್‌ನದು (ಬಲೆಯದು). ಮೂತ್ರನಾಳದ ಕೆಳಗಿನ ಟೇಪ್ ಅಲ್ಲಿ ಬಳಕೆಯಲ್ಲಿದೆ. ಆದರೆ ಇಂಗ್ಲೆಂಡಿನಲ್ಲಿ 2018ರ ಜುಲೈನಲ್ಲಿ ಟೇಪ್‌ಗೂ ತಡೆ ಬಿತ್ತು.

ಕಲಿಯಿರಿ, ಆದರೆ ಟೇಪ್ ಒಂದನ್ನೇ ಕಲಿಯಬೇಡಿ. ಹೊಟ್ಟೆಯ ರೆಕ್ಟಸ್ ಸ್ನಾಯುವಿನ ಪೊರೆಯಿಂದ 8–10 ಸೆಂ.ಮೀ. ಉದ್ದ, 1.5–2 ಸೆಂ.ಮೀ. ಅಗಲದ ಪಟ್ಟಿ ತೆಗೆದು ಹಾಕುವ ಸ್ಲಿಂಗ್ (ಮೂತ್ರನಾಳದ ಆಸರೆ ಪಟ್ಟಿ) ಮತ್ತು ಬರ್ಚ್ (ಮೂತ್ರಕೋಶದ ಕತ್ತನ್ನು ಮೇಲಕ್ಕೆತ್ತಿ ಹೊಲಿಯುವ ಶಸ್ತ್ರಚಿಕಿತ್ಸೆ) ಎರಡೂ ಕೈಯಲ್ಲಿರಬೇಕು. ಟೇಪ್ ಬೇಡವೆನ್ನುವ ರೋಗಿಗೆ ನಿಮ್ಮ ಬಳಿ ಬೇರೆ ದಾರಿ ಇರಬೇಕಲ್ಲ. ಇವೆಲ್ಲಕ್ಕೂ ಮೊದಲು ಮೇಲ್ವಿಚಾರಣೆಯಲ್ಲಿ 3 ತಿಂಗಳು ಶ್ರೋಣಿ ಸ್ನಾಯುವಿನ ವ್ಯಾಯಾಮ: ದಿನಕ್ಕೆ ಮೂರು ಸಲ, ಪ್ರತಿ ಸಲ ಕನಿಷ್ಠ 8 ಬಿಗಿತ. ಹೇಳಿ ಕಳಿಸಿದರೆ ಸಾಲದು. ಬೆರಳಿಟ್ಟು, ಬಿಗಿಯುತ್ತಿರುವುದು ಆ ಸ್ನಾಯುವೋ ಹೊಟ್ಟೆಯೋ ಎಂದು ನೋಡಬೇಕು.

ಟಿವಿಟಿಯಲ್ಲಿ ಹೊಸಬರ ತಪ್ಪು ಸೂಜಿಯ ದಿಕ್ಕಿನದು. ಮೂತ್ರಕೋಶ ಖಾಲಿ ಮಾಡಿ, ಕ್ಯಾತಿಟರ್‌ನೊಳಗಿನ (ಮೂತ್ರ ಇಳಿಸುವ ಕೊಳವೆಯೊಳಗಿನ) ಗೈಡ್ ಕಡ್ಡಿಯಿಂದ ಮೂತ್ರಕೋಶದ ಕತ್ತನ್ನು ಸೂಜಿಯಿಂದ ಆಚೆಗೆ ಸರಿಸಿ, ಸೂಜಿಯ ತುದಿಯನ್ನು ಪ್ಯುಬಿಕ್ ಮೂಳೆಯ ಹಿಂಬದಿಗೆ ತಾಗಿಸಿಕೊಂಡೇ ಮೇಲೆ ತರಬೇಕು. ಮೂಳೆ ಬಿಟ್ಟರೆ ಮೂತ್ರಕೋಶ, ಪಕ್ಕಕ್ಕೆ ವಾಲಿದರೆ ದೊಡ್ಡ ರಕ್ತನಾಳ. ಸೂಜಿಯನ್ನು ಎಳೆದು ಹೊರತರುವ ಮುನ್ನ 70 ಡಿಗ್ರಿ ಲೆನ್ಸ್‌ನಿಂದ, ಮೂತ್ರಕೋಶ ಪೂರ್ತಿ ತುಂಬಿಸಿ ನೋಡಬೇಕು. ಅರ್ಧ ತುಂಬಿದ ಮೂತ್ರಕೋಶದ ಮಡಿಕೆಯಲ್ಲಿ ಸೂಜಿ ಅಡಗಿರುತ್ತದೆ. ಒಳಗೆ ಕಂಡರೆ ಹಿಂದಕ್ಕೆಳೆದು ಮತ್ತೆ ಹಾಕಿ. ಕಾಣದೆ ಹೋದರಷ್ಟೇ ಅನಾಹುತ. ಟೇಪ್ ಬಿಗಿಸುವಾಗ ಅದಕ್ಕೂ ಮೂತ್ರನಾಳಕ್ಕೂ ನಡುವೆ ಕತ್ತರಿಯ ತುದಿ ಇರಲಿ.

ಪ್ರ: ಜಾರುವಿಕೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಕ್ಯಾತಿಟರ್ ತೆಗೆದ ಕೆಲವರಿಗೆ ರಾತ್ರಿ ಮೂತ್ರ ಕಟ್ಟುತ್ತದೆ. ಹೌಸ್ ಸರ್ಜನ್‌ಗಳು ಏನು ಮಾಡಬೇಕೆಂದು ನಮ್ಮನ್ನೇ ಕೇಳುತ್ತಾರೆ.
— ಸ್ಟಾಫ್ ನರ್ಸ್, ಶಿವಮೊಗ್ಗ

ಉ: ಅವರಿಗೆ ನೀವೇ ಕಲಿಸಬಹುದು. ಬೆಳಿಗ್ಗೆ ಕ್ಯಾತಿಟರ್ ಮೂಲಕವೇ 300 ಮಿ.ಲೀ. ಸಲೈನ್ ನಿಧಾನವಾಗಿ ತುಂಬಿಸಿ, ಕ್ಯಾತಿಟರ್ ತೆಗೆದು, ಕೂಡಲೇ ಅಳತೆಯ ಪಾತ್ರೆಗೆ ಮೂತ್ರ ಮಾಡಿಸಿ. ಮೂರರಲ್ಲಿ ಎರಡು ಪಾಲು, ಅಂದರೆ 200 ಮಿ.ಲೀ. ಬಂದರೆ ಪಾಸ್. ಬಾರದಿದ್ದರೆ ಹಗಲಲ್ಲೇ ಗೊತ್ತಾಗುತ್ತದೆ, ಮತ್ತೆ ಕ್ಯಾತಿಟರ್ ಹಾಕಿ ಒಂದೆರಡು ದಿನ ಬಿಟ್ಟು ನೋಡಬಹುದು. ಯೋನಿಯಲ್ಲಿ ಪ್ಯಾಕ್ (ತುಂಬಿದ ಗಾಜ್ ಬಟ್ಟೆ) ಇದ್ದರೆ ಅದನ್ನು ಮೊದಲು ತೆಗೆಯಿರಿ. 'ಸ್ವಲ್ಪ ಸ್ವಲ್ಪ ಹೋಗ್ತಿದೆ ಸಿಸ್ಟರ್' ಎಂಬ ಮಾತನ್ನು ನಂಬಬೇಡಿ. ತುಂಬಿ ತುಳುಕಿದಾಗಲೂ ಸ್ವಲ್ಪ ಸ್ವಲ್ಪವೇ ಹೋಗುವುದು.

ಪ್ರ: ಗರ್ಭಕೋಶ ತೆಗೆದ ಎರಡು ವಾರಕ್ಕೆ ಸದಾ ಒದ್ದೆ ಎಂದು ಬರುವವರನ್ನು ಯೂರಾಲಜಿಗೆ ಬರೆದು ಕಳಿಸುವುದಷ್ಟೇ ನಮ್ಮ ಕೆಲಸವೇ?
— ಎರಡನೇ ವರ್ಷದ ಪಿಜಿ, ಬಳ್ಳಾರಿ

ಉ: ಕಳಿಸುವ ಮುನ್ನ ಮೂರು ಸ್ವಾಬ್ (ಹತ್ತಿಯುಂಡೆ) ಪರೀಕ್ಷೆ ಮಾಡಿ. ಯೋನಿಯಲ್ಲಿ ಒಂದರ ಕೆಳಗೊಂದು ಮೂರು ಒಣ ಸ್ವಾಬ್ ಇಟ್ಟು, ಕ್ಯಾತಿಟರ್‌ನಿಂದ ಮೂತ್ರಕೋಶಕ್ಕೆ ಮಿಥಿಲೀನ್ ಬ್ಲೂ ಬೆರೆಸಿದ ಸುಮಾರು 200 ಮಿ.ಲೀ. ಸಲೈನ್ ತುಂಬಿಸಿ, ಸ್ವಲ್ಪ ನಡೆದಾಡಿಸಿ ತೆಗೆಯಿರಿ. ನಡುವಿನದು ನೀಲಿಯಾದರೆ ಮೂತ್ರಕೋಶದ ಫಿಸ್ಟುಲಾ. ಕೆಳಗಿನದಷ್ಟೇ ನೀಲಿಯಾದರೆ ಮೂತ್ರದ್ವಾರದಿಂದ ಸೋರಿದ್ದು. ಮೇಲಿನದು ಒದ್ದೆಯಾಗಿದೆ, ಆದರೆ ನೀಲಿಯಿಲ್ಲ ಎಂದರೆ ಯುರೇಟರ್‌ನಿಂದ ಬರುತ್ತಿದೆ. ಮೂತ್ರಪಿಂಡ ಊದಿರಬಹುದು, ಅದೇ ದಿನ ಸ್ಕ್ಯಾನ್ ಆಗಬೇಕು. ಎರಡೂ ಒಟ್ಟಿಗೆ ಇರುವುದುಂಟು, ಹಾಗಾಗಿ ನೀಲಿ ಕಂಡರೂ ಯುರೇಟರ್ ನೋಡದೆ ಬಿಡಬಾರದು.

ಫಿಸ್ಟುಲಾ ಮುಚ್ಚುವುದನ್ನು ಕಲಿಯಲು ಫಿಗೊ (ಸ್ತ್ರೀರೋಗ, ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ) ಸಂಸ್ಥೆಯ ತರಬೇತಿ ಕೈಪಿಡಿಯಲ್ಲಿ ಸ್ಟ್ಯಾಂಡರ್ಡ್, ಅಡ್ವಾನ್ಸ್ಡ್, ಎಕ್ಸ್‌ಪರ್ಟ್ ಎಂದು ಮೂರು ಮಟ್ಟಗಳಿವೆ. ಹೆಚ್ಚು ಕೇಸ್ ನೋಡಬೇಕೆಂದರೆ ಆಫ್ರಿಕಾದ ಕೇಂದ್ರಗಳು, ಅದರಲ್ಲೂ ವೈದ್ಯರಾದ ಹ್ಯಾಮ್ಲಿನ್ ದಂಪತಿ 1974ರಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ತೆರೆದ ಆಸ್ಪತ್ರೆ ಹೆಸರುವಾಸಿ. ಪಿಜಿ ಮಟ್ಟದಲ್ಲಿ ನೀವು ಮುಚ್ಚಲು ಹೋಗಬೇಡಿ. ಮೊದಲ ಪ್ರಯತ್ನದಲ್ಲೇ ವಾಸಿಯಾಗುವ ಸಾಧ್ಯತೆ ಹೆಚ್ಚು. ಒಮ್ಮೆ ಕೆಟ್ಟರೆ ಗಾಯದ ಕಲೆ ಗಟ್ಟಿಯಾಗಿ ಮುಂದಿನವರ ಕೆಲಸ ಕಠಿಣವಾಗುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲಿನ 10ರಿಂದ 14 ದಿನ ಕ್ಯಾತಿಟರ್ ಒಮ್ಮೆಯೂ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಪೂರ್ತಿ ನಿಮ್ಮದು. ಗಂಟೆಗೊಮ್ಮೆ ಚೀಲ ನೋಡಿ. ಮೂತ್ರ ಇಳಿಯದೆ ಹಾಸಿಗೆ ಒದ್ದೆಯಾಗಿದ್ದರೆ ಮೊದಲು ಕೊಳವೆ ಮಡಿಚಿದೆಯೇ, ಮೈಕೆಳಗೆ ಸಿಕ್ಕಿದೆಯೇ ಎಂದು ನೋಡಿ, ಆಮೇಲೆ ಸೀನಿಯರ್‌ಗೆ ಫೋನ್ ಮಾಡಿ.